ತೆರೆದಿದ್ದ ಒಂದು ಕಿಂಡಿ

ಪದ್ದಕ್ಕ ಗಂಜಿಗೆ ಉಪ್ಪು ಹಾಕಿರಲಿಲ್ಲ. ಆದರೂ ಗಂಜಿ ಉಪ್ಪಾಗಿತ್ತು. ಮತ್ತೊಂದು ಕೊಡ ಸೇದಿ ಬಾಯಿಗೆ ಹಾಕಿ ನೋಡಿದರು. ಅದೂ ಉಪ್ಪು!

ಜನವರಿಯಲ್ಲೇ ಬಾವಿ ಹೀಗಾದರೆ ಏಪ್ರಿಲಿನಲ್ಲಿ ಗತಿ ಏನು? ಮಗಳು ಪೂಜಿತಾ ಹೆರಿಗೆಗೆ ಬರಲು ಎಂಟೇ ದಿನ. ಪದ್ದಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತೆಕ್ಕಟ್ಟೆ ಪೇಟೆಗೆ ಮೀನು ಮಾರಲು ಹೋಗುವುದನ್ನೂ ಬಿಟ್ಟು ವಿನಯಾಳನ್ನು ಕರೆತಂದರು. ವಿನಯಾ ಸ್ವಸಹಾಯ ಸಂಘದವಳು, ನೀರು ಪರೀಕ್ಷೆಯ ತರಬೇತಿ ಪಡೆದವಳು.

ಬಾವಿ ನೀರು ನೋಡಿದ್ದೇ ಕೇಳಿದಳು: "ಪದ್ದಕ್ಕ, ಕಿಂಡಿ ಅಣೆಕಟ್ಟಿನ ಹಲಗಿ ಎಲ್ಲ ಸಮ ಇತ್ತಾ?"

ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದ ಪದ್ದಕ್ಕನ ಗಂಡ ಚಂದಣ್ಣ ತಲೆ ಎತ್ತಲಿಲ್ಲ.

ಮಳೆಗಾಲ ಮುಗಿದ ಮೇಲೆ ಊರವರು ಕಿಂಡಿಗಳಿಗೆ ಹಲಗೆ ಇಳಿಸಿ ಹೊಳೆಯ ಸಿಹಿನೀರು ನಿಲ್ಲಿಸುತ್ತಾರೆ. ಆಚೆ ಕಡೆ ಸಮುದ್ರದ ಉಬ್ಬರ. ಚಂದಣ್ಣ ಮಾತ್ರ ಉಬ್ಬರದ ಹೊತ್ತಿಗೆ ಒಂದು ಕಿಂಡಿಯ ಹಲಗೆ ಎತ್ತಿ ಅಲ್ಲಿಗೆ ಬಲೆ ಕಟ್ಟುತ್ತಿದ್ದರು. ನೀರು ನುಗ್ಗುವಲ್ಲಿ ಸಿಗಡಿ ಚೆನ್ನಾಗಿ ಸಿಗುತ್ತದೆ. ಆ ಸಿಗಡಿ ಮಾರಿದ್ದು ಪದ್ದಕ್ಕನೇ!

"ಒಂದ್ ಕಿಂಡಿಂದ ಎಂತ ಆತ್ತ್ ಹೆಣೆ?" ಚಂದಣ್ಣ ಸಿಡುಕಿದರು. "ನಾನ್ ದಿನಾ ಹೊಳಿ ನೀರ್ ಬಾಯಿಗ್ ಹಾಕಿ ಕಾಂತೆ. ಸಿಹಿಯೇ ಇತ್ತ್. ಬಾ, ತೋರಸ್ತೆ."

ಮೂವರೂ ದೋಣಿ ಹತ್ತಿದರು. ಅಣೆಕಟ್ಟಿನ ಈಚೆ ಚಂದಣ್ಣ ಒಂದು ಬೊಗಸೆ ಕುಡಿದು ಮೀಸೆ ಒರೆಸಿಕೊಂಡರು. ವಿನಯಾಳೂ ಕುಡಿದಳು. ಸಿಹಿಯೇ.

"ಹಾಂಗಾರೆ ನನ್ ನಾಲ್ಗಿಯೇ ಹಾಳಾಯ್ತಾ?" ಪದ್ದಕ್ಕನ ಕಣ್ಣಲ್ಲಿ ನೀರು ಬಂತು.

"ನಿಲ್ಲಿ ಪದ್ದಕ್ಕ. ಚಂದಣ್ಣ, ನಿಮ್ ಬಲಿಯ ಸೀಸದ ಗುಂಡ್ ನಾಕ್, ಒಂದ್ ಬೆಂಡ್ ಕೊಡಿ ಕಾಂಬ."

ತಾನು ತಂದಿದ್ದ ಬಾಟಲಿಗೆ ದಾರ, ಸೀಸದ ಗುಂಡು ಕಟ್ಟಿ, ಅದರ ಬಾಯಿಗೆ ಬೆಂಡು ತುರುಕಿ, ಬೆಂಡಿಗೆ ಬೇರೆ ದಾರ ಬಿಗಿದು ತಳಕ್ಕೆ ಇಳಿಸಿದಳು. ಬೆಂಡಿನ ದಾರ ಜಗ್ಗಿದಳು. ನೀರಿನ ಮೇಲೆ ಗುಳ್ಳೆ ಎದ್ದವು. ತಳದ ನೀರು ತುಂಬಿದ ಬಾಟಲಿ ಮೇಲೆಳೆದಳು.

"ಈಗ ಇದ್ನ ಕುಡ್ದ್ ಕಾಣಿ."

ಚಂದಣ್ಣ ಬಾಯಿಗೆ ಹಾಕಿದ್ದೇ ಉಗಿದರು. ಥೇಟು ಸಮುದ್ರದ ನೀರು!

"ಉಪ್ಪುನೀರ್ ಭಾರ, ಚಂದಣ್ಣ. ಅಡಿಗ್ ಹೋಯಿ ಕೂಕಂತ್ತ್. ಬಾವಿಗ್ ಒಸರೂದ್ ಆ ಅಡಿ ನೀರೇ. ಸಮುದ್ರ ಇಳಿವತಿಗೆ ನಾವ್ ಕೂಡಿಟ್ಟ ಸಿಹಿನೀರೂ ಅದೇ ಕಿಂಡಿಂದ ಹೋತ್ತ್."

ಚಂದಣ್ಣನ ಮುಖ ಇಳಿಯಿತು. "ಮಗಳ್ ಕುಡಿವ ನೀರಿಗ್ ನಾನೇ ಉಪ್ಪ್ ಹಾಕ್ದೆ ಅಲೆ!"

ಅಂದೇ ಇಳಿತದ ಹೊತ್ತಿಗೆ ತಳದ ಉಪ್ಪುನೀರು ಹೊರಬಿಟ್ಟರು. ಉಬ್ಬರ ಏರುವ ಮೊದಲೇ ಹಲಗೆ ಇಳಿಸಿ, ಸಂದಿಗೆಲ್ಲ ಮಣ್ಣು ಮೆತ್ತಿದರು. ಮೇಲಿಂದ ನೀರು ಇನ್ನೂ ಬರುತ್ತಿದ್ದರಿಂದ ಹೊಳೆ ಸುಧಾರಿಸಿತು. ಆದರೆ ಬಾವಿಗೆ ಅಷ್ಟು ಅವಸರವಿಲ್ಲ. ಪೂಜಿತಾ ಬಂದು ಹೆತ್ತರೂ ಬಾವಿ ಉಪ್ಪೇ. ಮಗಳು ಕುಡಿಯಲು, ಮೊಮ್ಮಗಳ ಸ್ನಾನಕ್ಕೆ ಚಂದಣ್ಣ ಮಳೆ ಬರುವ ತನಕ ಮೇಲಿನ ಕೇರಿಯಿಂದ ದಿನವೂ ನೀರು ಹೊತ್ತರು.

ಮುಂದಿನ ಮಳೆಗಾಲ ಮುಗಿದದ್ದೇ ಊರವರನ್ನು ಸೇರಿಸಿ, ಹಲಗೆ ಎಣಿಸಿ, ಮುರಿದದ್ದು ಬದಲಿಸಿ, ಇಳಿಸುವ ದಿನ ಗೊತ್ತುಮಾಡಿಸಿದ್ದು ಅವರೇ. ಜನವರಿ ಬಂತು. ಒಂದು ದಿನ ಉಣ್ಣಲು ಕೂತವರು, "ಹ್ವಾಯ್ ಪದ್ದು, ಗಂಜಿಗ್ ಉಪ್ಪ್ ಹಾಕ್ಲಿಲ್ಯಾ?" ಎಂದರು.

ಪದ್ದಕ್ಕ ನಗುತ್ತಾ ಉಪ್ಪಿನ ಭರಣಿ ಮುಂದಿಟ್ಟರು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರ ಕಿಂಡಿಗೆ ಹಲಗೆ ಇಳಿಸುವ ದಿನ ಯಾವುದು? ಎಷ್ಟು ಹಲಗೆ ಮುರಿದಿವೆ? ಗೊತ್ತಿಲ್ಲದಿದ್ದರೆ ಈ ವಾರದ ಸಭೆಯಲ್ಲೇ ಕೇಳಿ. ಹೊಳೆ ಹರಿಯುತ್ತಿರುವಾಗಲೇ ಇಳಿಸಿ, ಒಂದನ್ನೂ ಬಿಡಬೇಡಿ. ನಿಮ್ಮ ಗಂಜಿಗೆ ಉಪ್ಪು ನಿಮ್ಮ ಕೈಯಿಂದಲೇ ಬೀಳಲಿ.