ಬಸವಪ್ರಸಾದನ ಕಾಫಿ ಫ್ಲೇವರ್

ಆಲ್ದೂರಿನ ಕಾಫಿ ವ್ಯಾಪಾರಿಯೊಬ್ಬರ ಬಳಿ ತನುಜಾಳಿಗೆ ಕಾಫಿಯ ರುಚಿ ನೋಡುವ ಕೆಲಸ. ಒಂದು ಚಮಚೆ ಹೀರಿದರೆ ಸಾಕು, ಒಣಗುವಾಗ ಬೀಜ ಮಳೆಗೆ ಸಿಕ್ಕಿತ್ತೋ ಇಲ್ಲವೋ ಹೇಳಿಬಿಡುತ್ತಿದ್ದಳು. ಅದಕ್ಕೇ ಅಣ್ಣ ಬಸವಪ್ರಸಾದ್ ಅವಳನ್ನು ಕೊಟ್ಟಿಗೆಹಾರದ ತನ್ನ ಅಂಗಡಿಗೆ ಕರೆಸಿಕೊಂಡಿದ್ದ. ಪ್ರವಾಸಿಗರಿಗೆ ಜೇನುತುಪ್ಪ, ಏಲಕ್ಕಿ ಮಾರುವ ಅಂಗಡಿ ಅದು.

ಹಿಂದಿನ ಕೋಣೆಯಲ್ಲಿ ಅವನು ಪುಟ್ಟ ಬಾಟಲಿಯೊಂದರ ಮುಚ್ಚಳ ತೆಗೆದು ಅವಳ ಮೂಗಿಗೆ ಹಿಡಿದ. "ಕಾಫಿ ಫ್ಲೇವರ್. ಸರಿಯಾಗಿ ಬಂದಿದ್ಯಾ ಹೇಳು."

ಸೀದ ಸಕ್ಕರೆ, ಕಾದ ಪ್ಲಾಸ್ಟಿಕ್, ಆಮೇಲೆ ಗಂಟಲು ಕೆರೆಯುವ ಇನ್ನೇನೋ. ತನುಜಾ ಬಾಟಲಿಯನ್ನು ದೂರ ತಳ್ಳಿದಳು.

"ಎಂಥದಣ್ಣ ಇದು?"

"ವೇಪಿಗೆ ಹಾಕೋದು, ಇ-ಸಿಗರೇಟಿಗೆ. ಕಾಲೇಜಿನವ್ರು ಬಾಳ ಕೇಳ್ತಾರೆ."

"ವೇಪ್ ಮಾರೋ ಹಾಗೇ ಇಲ್ವಲ್ಲ! ದೇಶಕ್ಕೇ ಬ್ಯಾನ್ ಆಗಿ ಎಷ್ಟು ವರ್ಷ ಆಯ್ತು?"

"ಅದು ನಿಕೋಟಿನ್ ಇರೋದಕ್ಕೆ ಮಾರಾಯ್ತಿ. ನಾನು 'ನಿಕೋಟಿನ್ ಇಲ್ಲ' ಅಂತ ಚೀಟಿ ಅಂಟಿಸ್ತೀನಿ."

"ಇಲ್ದಿದ್ರೂ ಮಾರೋ ಹಾಗಿಲ್ಲ. ಇದ್ರಲ್ಲಿ ನಿಜವಾಗ್ಲೂ ಇಲ್ವಾ?"

ಅವನು ನಕ್ಕ. "ಇಲ್ದಿದ್ರೆ ಎರಡನೇ ಸಲ ಯಾರು ಬರ್ತಾರೆ?"

ಮತ್ತೇನೇನು ಬೆರೆಸಿದ್ದಾನೆಂದು ಕೇಳಿದಳು. ಮೂಲೆಯ ಕ್ಯಾನ್ ತೋರಿಸಿದ. ಅದರ ಮೇಲೆ ಹೆಸರಿಲ್ಲ, ಊರಿಲ್ಲ. ಒಳಗೇನಿದೆಯೆಂದು ಅವನಿಗೂ ಗೊತ್ತಿರಲಿಲ್ಲ. ಅಳೆಯಲು ಇಟ್ಟುಕೊಂಡಿದ್ದ ಮಗ್ಗನ್ನು ಅವಳು ಗುರುತಿಸಿದಳು. ಮನೆಯ ತೋಟದಲ್ಲಿ ಗಿಡಗಳಿಗೆ ಔಷಧಿ ಹೊಡೆಯುವಾಗ ಬಳಸುತ್ತಿದ್ದದ್ದು. ಅಂಚಿನಲ್ಲಿ ಮೈಲುತುತ್ತದ ನೀಲಿ ಇನ್ನೂ ಕಟ್ಟಿತ್ತು.

"ತೊಳ್ದಿದೀನಿ," ಎಂದ.

ಅಷ್ಟರಲ್ಲಿ ಸಮವಸ್ತ್ರದ ಇಬ್ಬರು ಹುಡುಗಿಯರು ಅಂಗಡಿಗೆ ಬಂದರು. "ಅಣ್ಣಾ, ಕಾಫಿ ಬಂತಾ?"

"ಬಂತು ಬಂತು. ನಮ್ ತಂಗೀನೇ ಟೇಸ್ಟ್ ನೋಡಿ ಓಕೆ ಮಾಡಿದಾಳೆ. ಆಲ್ದೂರಲ್ಲಿ ಅದೇ ಕೆಲಸ ಅವಳದು."

ತನುಜಾಳ ಮೈಯೆಲ್ಲ ಉರಿಯಿತು. ಹದಿನಾಲ್ಕು ವರ್ಷ ಪಳಗಿಸಿದ ನಾಲಿಗೆಯನ್ನು ಅವನು ಈ ಹೊಲಸಿಗೆ ಮುದ್ರೆ ಮಾಡಿಕೊಂಡಿದ್ದ! ಅವನ ಕೈಯಿಂದ ಬಾಟಲಿ ಕಿತ್ತುಕೊಂಡಳು.

"ನಾನು ಓಕೆ ಮಾಡಿಲ್ಲ. ವಿಷ ಇದು. ಮನೆಗೆ ಹೋಗಿ."

ಅವನೆದುರೇ ಪೊಲೀಸರಿಗೆ ಫೋನ್ ಮಾಡಿದಳು. ಅವನು ಮೊದಲು ಬೈದ, ಆಮೇಲೆ ಅಂಗಲಾಚಿದ. ಜೀಪು ಬರುವವರೆಗೂ ಅವಳು ಕೋಣೆಯ ಬಾಗಿಲು ಬಿಟ್ಟು ಕದಲಲಿಲ್ಲ. ಕ್ಯಾನ್, ಬಾಟಲಿಗಳ ಜೊತೆ ಅವನನ್ನೂ ಕರೆದೊಯ್ದರು.

ಸಂಜೆ ತಾಯಿ ವಿಶಾಲಾಕ್ಷಮ್ಮ ಕಣ್ಣೀರಿಟ್ಟರು. "ಒಡಹುಟ್ಟಿದವನಲ್ವೇನೇ? ಮನೇಲೇ ಬೈದು ಬಿಡ್ಬಹುದಿತ್ತು."

"ಆ ಹುಡ್ಗೀರೂ ಯಾರದೋ ಮನೆ ಮಕ್ಕಳಲ್ವೇನಮ್ಮ?"

ಇದೆಲ್ಲ ಆಗಿ ಕೆಲವು ದಿನ ಕಳೆದಿವೆ. ಬಸವಪ್ರಸಾದ್ ಜಾಮೀನಿನ ಮೇಲೆ ಬಂದಿದ್ದಾನೆ, ತಂಗಿಯ ಜೊತೆ ಮಾತು ಬಿಟ್ಟಿದ್ದಾನೆ. ತನುಜಾಳಿಗೂ ಮಾತಾಡಬೇಕೆನಿಸಿಲ್ಲ.