ದೃಷ್ಟಿ ಕೊಟ್ಟ ಮೇಲೆ

ಕನಕಪುರದ ಕಡೆಯ ಹಳ್ಳಿಯೊಂದರಲ್ಲಿ ಮಾರಮ್ಮನ ಮರದ ವಿಗ್ರಹಕ್ಕೆ ಹೊಸ ಬಣ್ಣ ಬಳಿದವನು ವೀರಾಚಾರಿ. ಕಣ್ಣು ಬರೆಯುವುದೇ ಕೊನೆಯ ಕೆಲಸ. ಅಮ್ಮನ ಮೊದಲ ನೋಟ ಮನುಷ್ಯನ ಮೇಲೆ ಬೀಳಬಾರದೆಂದು ಪಕ್ಕಕ್ಕೆ ನಿಂತು, ಕನ್ನಡಿಯಲ್ಲಿ ನೋಡುತ್ತಾ ಬರೆದ. ಕನ್ನಡಿ ಅವನ ಕೈಯನ್ನು ಏಮಾರಿಸಿತು. ಎಡಗಣ್ಣಿನ ಪಾಪೆ ಒಂದೆಳೆ ಕೆಳಕ್ಕಿಳಿಯಿತು.

ಒರೆಸಲು ಬಟ್ಟೆ ಎತ್ತಿಕೊಳ್ಳುವಷ್ಟರಲ್ಲಿ ಪೂಜಾರಿ ಕರಿಯಪ್ಪ ಆರತಿ ಬೆಳಗಿಬಿಟ್ಟ.

"ಕರಿಯಪ್ಪಣ್ಣ, ಒಸಿ ತಡಿ. ಎಡಗಣ್ಣು ಸರಿಯಾಗಿಲ್ಲ."

"ಇಷ್ಟೊತ್ತೂ ಮರ ಆಗಿದ್ಲು, ಮುಟ್ಟಿಸ್ಕೊಂಡ್ಲು. ಈಗ ದೃಷ್ಟಿ ಬಂದೈತೆ. ಇಳಿ ಆಚಾರಿ ಆಚೆಗೆ."

ತಿಂಗಳಿಡೀ ಅಮ್ಮನ ತೊಡೆಗೆ ಒರಗಿ ಟೀ ಕುಡಿದಿದ್ದವನು ಮರುದಿನ ಹಣ್ಣುಕಾಯಿ ಹಿಡಿದು ಸಾಲಿನಲ್ಲಿ ನಿಂತ. ಹೊಸ್ತಿಲು ದಾಟುವಂತಿರಲಿಲ್ಲ. ಆ ಸೊಟ್ಟ ಕಣ್ಣು ಅಷ್ಟು ದೂರದಿಂದಲೂ ಅವನ ಮಾನ ತೆಗೆಯುತ್ತಿತ್ತು. ಜನ ಮಾತ್ರ ಮೊಬೈಲ್ ಎತ್ತಿ ಫೋಟೊ ಹೊಡೆಯುತ್ತಾ ಕೆನ್ನೆ ಬಡಿದುಕೊಳ್ಳುತ್ತಿದ್ದರು. ಹಾಳಾದ ಜನ, ಒಬ್ಬರಾದರೂ ಬೈಯಬಾರದೇ!

ಮುಂದೆ ನಿಂತಿದ್ದ ಚಿಕ್ಕಲಕ್ಷ್ಮಮ್ಮ ಬೆನ್ನು ಪೂರಾ ಬಾಗಿದ ಮುದುಕಿ. ಅವಳು ಕತ್ತೆತ್ತಿ ನೋಡಿ ಅಳತೊಡಗಿದಳು.

"ನಾನು ಇಲ್ಲಿ ಕೆಳಗವ್ನಿ ಅಂತ ಯಾರ್ಗೂ ಕಾಣಾಕಿಲ್ಲ ಕಣಪ್ಪ. ಇವ್ಳು ಕಣ್ಣು ಇಳಿಸ್ಕೊಂಡು ನನ್ನೇ ನೋಡ್ತಾವ್ಳೆ. ಮನುಸ್ರ ಕೈಲಿ ಆಗೋ ಕೆಲ್ಸನಾ ಇದು?"

ವೀರಾಚಾರಿ ನಿಜ ಹೇಳಲು ಬಾಯಿ ತೆರೆದ.

"ಆಗಾಕಿಲ್ಲ ಕಣವ್ವ," ಎಂದ.

ಕಣ್ಣು ತಿದ್ದಲೆಂದು ಅಂಗಿಯೊಳಗೆ ಬಚ್ಚಿಟ್ಟು ತಂದಿದ್ದ ಕುಂಚ, ಕೈಮುಗಿದು ಬಗ್ಗಿದಾಗ ಎದೆಗೆ ಚುಚ್ಚಿತು.