ಡೆನಿಸಾಗೆ ಹಾಡಲು ಬರುವುದಿಲ್ಲ

ಒಂಬತ್ತನೇ ತರಗತಿ ಮುಗಿಸುವ ಮಕ್ಕಳು ಮುಂದೆ ಏನು ಓದಬೇಕು? ಈ ಪ್ರಶ್ನೆ ಬಂದಾಗಲೆಲ್ಲ ನಮ್ಮ ರೋಮಾ ಜನಾಂಗದವರ ಕೇರಿಯಲ್ಲಿ ಯಾವುದಾದರೂ ಒಂದು ಮನೆಯಲ್ಲಿ ಜಗಳ ಏಳುತ್ತದೆ. ಈ ಸಲ ಎದ್ದದ್ದು ಬರ್ತೊ ಮನೆಯಲ್ಲಿ.

ಬರ್ತೊ ಪಿಟೀಲು ನುಡಿಸುತ್ತಾನೆ. ಸ್ಲೊವಾಕಿಯಾದ ಈ ಪೂರ್ವದ ಮೂಲೆಯಲ್ಲಿ ಅವನಿಲ್ಲದೆ ಮದುವೆಗಳಿಗೆ ಕಳೆಯೇ ಇಲ್ಲ. ಅವನ ಮಗಳು ಡೆನಿಸಾಗೆ ಮಾತ್ರ ರೈಲಿನ ಹುಚ್ಚು. ರೈಲು ಚಾಲಕಿ ಆಗಬೇಕೆಂದು ರೈಲ್ವೆ ತಾಂತ್ರಿಕ ಶಾಲೆಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಆ ದಿನ ಶಾಲೆಯಿಂದ ಬಂದವಳೇ ಚೀಲ ಬಿಸಾಡಿ ಅಳುತ್ತಾ ಕೂತಳು.

"ಏನಾಯ್ತೇ? ಯಾರು ಬೈದ್ರು?" ಎಂದ ಬರ್ತೊ.

"ಯಾರೂ ಬೈಲಿಲ್ಲ. ಹೊಗಳಿದ್ರು! ಬೆನ್ಯೊವಾ ಟೀಚರ್ ನನ್ನ ಬೆನ್ನು ಸವರಿ, 'ರೈಲು ಗೀಲು ಯಾಕೆ ಬಂಗಾರ? ನಿಮ್ಮವರಿಗೆ ಸಂಗೀತ ರಕ್ತದಲ್ಲೇ ಬಂದಿರುತ್ತೆ, ಸಂಗೀತ ಶಾಲೆಗೇ ಅರ್ಜಿ ಕಳಿಸ್ತೀನಿ' ಅಂದ್ರು."

ಬರ್ತೊ ಮೀಸೆಯಡಿ ನಕ್ಕ. "ಅಷ್ಟೇನಾ? ಒಳ್ಳೇ ಮಾತೇ ಅಲ್ವಾ! ನಮ್ಮವರನ್ನ ಬೈಯೋರೇ ಜಾಸ್ತಿ ಇರೋವಾಗ ಒಬ್ಬರಾದ್ರೂ ಹೊಗಳಿದ್ರು ಅಂತ ಖುಷಿಪಡು."

ಅಷ್ಟರಲ್ಲಿ ಡೆನಿಸಾಳ ಅಜ್ಜಿಯ ರಕ್ತದೊತ್ತಡ ನೋಡಲು ಆರೋಗ್ಯ ಕಾರ್ಯಕರ್ತೆ ಸಿಡೊನಿಯಾ ಬಂದಳು. ಅವಳೂ ನಮ್ಮ ಕೇರಿಯವಳೇ. ನೇರ ಮಾತಿನ ಹೆಂಗಸು. ವಿಷಯ ಕೇಳಿ, "ಬರ್ತೊ ಅಣ್ಣ, ಇದು ಹೊಗಳಿಕೆ ಅಲ್ಲ. ಇದೂ ಜನಾಂಗ ಭೇದಾನೇ" ಎಂದಳು.

"ಬೈದ್ರೂ ಭೇದ, ಹೊಗಳಿದ್ರೂ ಭೇದ! ಜನ ಏನು, ಬಾಯಿ ಹೊಲ್ಕೊಂಡು ಕೂರಬೇಕಾ?"

"ಹೊಗಳಲಿ, ಯಾರು ಬೇಡ ಅಂದ್ರು? ಡೆನಿಸಾನ ನೋಡಿ ಡೆನಿಸಾನ ಹೊಗಳಲಿ. ಟೀಚರ್ ಇವಳನ್ನ ನೋಡ್ಲೇ ಇಲ್ಲ. ನಮ್ಮ ಕುಲ ನೋಡಿದ್ರು, ಮಾತಾಡಿದ್ರು. ಅದಿರಲಿ, ನಿನಗೆ ಪಿಟೀಲು ಹುಟ್ಟುವಾಗಲೇ ಬಂದಿತ್ತಾ?"

"ಹುಟ್ಟುವಾಗಲೇ ಬರೋಕೆ ಅದೇನು ಮೂಗಾ?" ಬರ್ತೊಗೆ ರೇಗಿತು. "ಬೆರಳು ಒಡೆದು ರಕ್ತ ಬರೋವರೆಗೂ ನುಡಿಸಿದೀನಿ ಕಣಮ್ಮ! ತಪ್ಪಿದ್ರೆ ಅಪ್ಪ ಕಮಾನಿಂದಲೇ ಬಾರಿಸ್ತಿದ್ದ. ಮಿಕ್ಕ ಹುಡುಗರು ಹಿಮದಲ್ಲಿ ಜಾರಾಡ್ತಿದ್ರೆ ನಾನು ಮೂಲೇಲಿ ಕೂತು ಒಂದೇ ರಾಗ ತಿಕ್ತಿದ್ದೆ."

"ಮತ್ತೆ? 'ಅವನ ರಕ್ತದಲ್ಲೇ ಇದೆ' ಅಂತ ಜನ ಅಂದ್ರೆ ನೀನು ಪಟ್ಟ ಆ ಕಷ್ಟ ಎಲ್ಲಿ ಹೋಯ್ತು?"

ಬರ್ತೊ ತನ್ನ ಬೆರಳ ತುದಿಗಳನ್ನು ನೋಡಿಕೊಂಡ. ಮದುವೆ ಮನೆಗಳಲ್ಲಿ ಆ ಮಾತು ಕೇಳಿದಾಗಲೆಲ್ಲ ಎದೆಯೊಳಗೆ ಏನೋ ಚುಚ್ಚುತ್ತಿತ್ತು. ಅದು ಏನೆಂದು ಅವನಿಗೆ ಈಗ ತಿಳಿಯಿತು.

ಮರುದಿನ ಬೆಳಿಗ್ಗೆ ಬರ್ತೊ ಕೋಟು ಹಾಕಿಕೊಂಡು ಮಗಳ ಕೈ ಹಿಡಿದು ಶಾಲೆಗೆ ನಡೆದ. ಸಿಡೊನಿಯಾ ಜೊತೆಗಿದ್ದಳು.

ಬೆನ್ಯೊವಾ ಟೀಚರ್ ಒಳ್ಳೆಯವರು. ಬಂದವರಿಗೆಲ್ಲ ಕುರ್ಚಿ ಹಾಕಿಸಿದರು. "ಸಂಗೀತ ಶಾಲೆ ವಿಷಯ ತಾನೇ? ಚಿಂತೆ ಬಿಡಿ, ಇವಳಿಗೆ ಸೀಟು ಗ್ಯಾರಂಟಿ" ಎಂದರು.

"ಮೇಡಂ, ಇವಳು ಹಾಡೋದನ್ನ ನೀವು ಕೇಳಿದೀರಾ?" ಎಂದ ಬರ್ತೊ.

"ಶಾಲೆಯ ಗಾಯನ ತಂಡದಲ್ಲಿ ಮೊದಲ ಸಾಲಲ್ಲೇ ನಿಲ್ತಾಳಲ್ಲ!"

"ಮಗಳೇ, ಎದ್ದು ನಿಂತು ಒಂದು ಹಾಡು ಹೇಳು."

ಡೆನಿಸಾ ಹಾಡಿದಳು. ದೇವರೇ! ಶ್ರುತಿ ಒಂದು ಕಡೆ, ತಾಳ ಇನ್ನೊಂದು ಕಡೆ. ಕಿಟಕಿಯ ಮೇಲಿದ್ದ ಪಾರಿವಾಳ ಹಾರಿಹೋಯಿತು. ಟೀಚರ್ ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಹೊಟ್ಟೆ ಹಿಡಿದು ನಕ್ಕರು. ಡೆನಿಸಾಳೂ ನಕ್ಕಳು.

"ಅಯ್ಯೋ, ಮತ್ತೆ ಇಷ್ಟು ದಿನ ತಂಡದಲ್ಲಿ?"

"ಬರೀ ಬಾಯಿ ಆಡಿಸ್ತಿದ್ದೆ ಮೇಡಂ. ರೋಮಾ ಹುಡುಗಿ ಅಂತ ಮುಂದೆ ನಿಲ್ಲಿಸಿದ್ರಿ. ಬರಲ್ಲ ಅಂದ್ರೆ ಯಾರೂ ನಂಬ್ತಿರಲಿಲ್ಲ. ಲೆಕ್ಕದಲ್ಲಿ ತರಗತಿಗೇ ನಾನು ಮೊದಲು, ಅದನ್ನ ಯಾರೂ ಕೇಳಲೇ ಇಲ್ಲ."

ಟೀಚರ್ ನಗು ನಿಂತಿತು. "ನಾನು ಪ್ರೀತಿಯಿಂದಲೇ ಹೇಳಿದ್ದು" ಎಂದರು ಮೆಲ್ಲಗೆ.

"ಗೊತ್ತು ಮೇಡಂ" ಎಂದಳು ಸಿಡೊನಿಯಾ. "ಆದ್ರೆ ಪ್ರೀತಿಯಿಂದ ಮುಚ್ಚಿದ್ರೂ ಬಾಗಿಲು ಬಾಗಿಲೇ. ರೋಮಾದವರೆಲ್ಲ ಹಾಡ್ತಾರೆ ಅಂತ ಇವತ್ತು ನಂಬಿದೋರು, ರೋಮಾದವರೆಲ್ಲ ಕದೀತಾರೆ ಅಂತ ನಾಳೆ ನಂಬೋಕೆ ಎಷ್ಟು ಹೊತ್ತು? ಎರಡರಲ್ಲೂ ಒಬ್ಬರನ್ನೂ ನೋಡದೆ ಎಲ್ಲರ ಬಗ್ಗೆ ತೀರ್ಪು ಕೊಟ್ಟ ಹಾಗೇ ಅಲ್ವಾ?"

ಟೀಚರ್ ಸಂಗೀತ ಶಾಲೆಯ ಅರ್ಜಿಯನ್ನು ಬದಿಗಿಟ್ಟರು. ಆಮೇಲೆ ಡೆನಿಸಾಳ ಕಡೆ ತಿರುಗಿ, "ಪ್ರವೇಶ ಪರೀಕ್ಷೆಯ ಓದಿನಲ್ಲಿ ಎಲ್ಲಿ ತೊಡಕಾಗ್ತಿದೆ ಹೇಳು. ನಾಳೆಯಿಂದ ಶಾಲೆ ಬಿಟ್ಟ ಮೇಲೆ ಇಬ್ಬರೂ ಕೂರೋಣ" ಎಂದರು. ಅರ್ಜಿ ರೈಲ್ವೆ ಶಾಲೆಗೇ ಹೋಯಿತು.

ಪರೀಕ್ಷೆಯ ಫಲಿತಾಂಶ ಬಂದ ದಿನ ಸುದ್ದಿ ತಂದವರು ಬೆನ್ಯೊವಾ ಟೀಚರ್. ಅದೂ ಓಡಿಕೊಂಡು! ನಮ್ಮ ಕೇರಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. "ಪಾಸು! ಡೆನಿಸಾ ಪಾಸು!" ಎಂದು ಬೀದಿಯ ತುದಿಯಿಂದಲೇ ಕೂಗಿದರು. ಹೆಂಗಸರು ಒಲೆ ಬಿಟ್ಟು ಬಂದರು, ಗಂಡಸರು ಡೆನಿಸಾಳನ್ನು ಹೆಗಲ ಮೇಲೆ ಹೊತ್ತರು. ಅಜ್ಜಿ ತನ್ನ ರಕ್ತದೊತ್ತಡ ಮರೆತು ಕುಣಿದಳು. ಟೀಚರ್ ಕೈಗೂ ಎಲೆಕೋಸು ಬೆರೆಸಿದ ಪುಟ್ಟ ಕಡುಬು ಹಾಲುಷ್ಕಿಯ ತಟ್ಟೆ ಬಂತು. ಅವರು ಎರಡು ಸಲ ಬಡಿಸಿಕೊಂಡರು.

"ಸಿಡೊನಿಯಾ, ಅವತ್ತು ನೀನು ಹೇಳದಿದ್ರೆ ಮಗಳ ದಾರಿಗೆ ನಾನೇ ಅಡ್ಡ ನಿಲ್ತಿದ್ದೆ" ಎಂದ ಬರ್ತೊ. ಅವನ ಕಣ್ಣು ತುಂಬಿತ್ತು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, "ಆ ಜನ ವ್ಯಾಪಾರದಲ್ಲಿ ಜಾಣರು", "ಈ ಜನ ಗಟ್ಟಿಮುಟ್ಟು, ಕೂಲಿಗೆ ಸರಿ", "ಅವರ ಹೆಣ್ಣುಮಕ್ಕಳು ತಗ್ಗಿ ನಡೀತಾರೆ" ಎಂದು ನಾವೂ ಹೇಳುತ್ತೇವಲ್ಲವೇ? ಮುಂದಿನ ಸಲ ಆ ಮಾತು ನಾಲಿಗೆಯ ತುದಿಗೆ ಬಂದಾಗ ಒಂದು ಗಳಿಗೆ ನಿಲ್ಲಿ. ಎದುರಿಗಿರುವವರ ಹೆಸರು ಕೇಳಿ. ಏನು ಇಷ್ಟ, ಏನಾಗಬೇಕೆಂದಿದ್ದೀರಿ ಎಂದು ಕೇಳಿ. ಅವರ ಉತ್ತರ ಕೇಳಿದ ಮೇಲೆ ಬಾಯಿ ತುಂಬ ಹೊಗಳಿ.